ಬ್ರದರ್ ಕ್ಯಾಡ್‌ಫೈಲ್ ಪತ್ತೇದಾರಿ ಕಾದಂಬರಿಮಾಲೆಯನ್ನು ಓದುವ ಕ್ರಮ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಎಲಿಸ್ ಪೀಟರ್ಸ್ ಬರೆದ ಬ್ರದರ್ ಕ್ಯಾಡ್‌ಫೈಲ್ ಮಾಲೆಯಲ್ಲಿ 20 ಕಾದಂಬರಿಗಳೂ ಒಂದು ಕಥಾಸಂಕಲನವೂ ಇವೆ. ಕಥೆ ನಡೆಯುವುದು 12ನೆಯ ಶತಮಾನದ ಇಂಗ್ಲೆಂಡಿನಲ್ಲಿ, ವೇಲ್ಸ್ ಗಡಿಗೆ ಹತ್ತಿರದ ಶ್ರೂಸ್‌ಬರಿ ಪಟ್ಟಣದ ಬೆನಡಿಕ್ಟೈನ್ ಪಂಥದ ಕ್ರೈಸ್ತ ಮಠದ ಸುತ್ತ. ಕೊಲೆಗಳ ಜಾಡು ಹಿಡಿಯುವ ಕ್ಯಾಡ್‌ಫೈಲ್ ವೇಲ್ಸ್ ಮೂಲದವನು. ಯೌವನದಲ್ಲಿ ಧರ್ಮಯುದ್ಧಕ್ಕೆ (ಕ್ರುಸೇಡ್) ಹೋಗಿ, ಹಡಗಿನಲ್ಲಿ ದುಡಿದು, ನಡುವಯಸ್ಸಿನಲ್ಲಿ ಸನ್ಯಾಸ ಸ್ವೀಕರಿಸಿ, ಈಗ ಮಠದ ಮೂಲಿಕೆ ತೋಟವನ್ನು ನೋಡಿಕೊಳ್ಳುತ್ತಿರುವವನು.

ಈ ಮಾಲೆಯನ್ನು ಆಸೆಯಿಂದ ಕೈಗೆತ್ತಿಕೊಂಡು ಅರ್ಧದಲ್ಲೇ ಕೆಳಗಿಟ್ಟವರು ಅನೇಕರು. ಹೆಸರುಗಳು ತಲೆಗೆ ಹತ್ತುವುದಿಲ್ಲ, ಯಾರು ಯಾವ ರಾಜನ ಕಡೆ ಎಂದು ತಿಳಿಯುವುದಿಲ್ಲ, ಕೊಲೆ ನಡೆಯುವುದೇ ತಡ ಎಂಬ ದೂರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಇವುಗಳ ಬೇರು ಒಂದೇ. ಈ ಕಾದಂಬರಿಗಳ ಸುಳಿವು ಬೆರಳಚ್ಚಿನಲ್ಲಾಗಲಿ ಸಿಗರೇಟಿನ ತುಂಡಿನಲ್ಲಾಗಲಿ ಇರುವುದಿಲ್ಲ, ಆ ಕಾಲದ ನಿಯಮಗಳಲ್ಲಿ ಇರುತ್ತದೆ: ಯಾವ ಹೊತ್ತಿಗೆ ಯಾರು ಎಲ್ಲಿ ಇರಲೇಬೇಕಿತ್ತು, ಯಾವ ಬಾಗಿಲು ಮುಚ್ಚಿತ್ತು, ಯಾವ ಪತ್ರಕ್ಕೆ ಇನ್ನೂ ಮುದ್ರೆ ಬಿದ್ದಿರಲಿಲ್ಲ. ನಿಯಮ ತಿಳಿಯದ ಓದುಗರಿಗೆ ಸುಳಿವು ಕಣ್ಣೆದುರೇ ಇದ್ದರೂ ಕಾಣಿಸದು. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ. ಯಾವ ಕಾದಂಬರಿಯ ಕೊಲೆಗಾರನ ಹೆಸರನ್ನೂ ಇಲ್ಲಿ ಹೇಳಿಲ್ಲ.

ಹಂತ 1: ಓದಲು ಕೂರುವ ಮೊದಲಿನ ಸಿದ್ಧತೆ

ಬೇಕಾದದ್ದು ಹೆಚ್ಚೇನಿಲ್ಲ. ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ಸಿಲ್, ಕೈಗೆಟಕುವಂತೆ ಒಂದು ಇಂಗ್ಲಿಷ್ ನಿಘಂಟು. ನೋಟ್‌ಬುಕ್‌ನ ಮೊದಲ ನಾಲ್ಕು ಪುಟಗಳನ್ನು ಇಡೀ ಮಾಲೆಗೆಂದು ಮೀಸಲಿಡಿ. ಒಂದರಲ್ಲಿ ಯುದ್ಧದ ದಿನಾಂಕಗಳು, ಇನ್ನೊಂದರಲ್ಲಿ ಊರಿನ ನಕ್ಷೆ, ಮೂರನೆಯದರಲ್ಲಿ ಪ್ರಾರ್ಥನೆಯ ವೇಳೆಗಳು, ನಾಲ್ಕನೆಯದರಲ್ಲಿ ಎಲ್ಲ ಪುಸ್ತಕಗಳಲ್ಲೂ ಮರಳಿ ಬರುವ ಪಾತ್ರಗಳು. ಆಮೇಲಿನ ಪುಟಗಳಲ್ಲಿ ಪ್ರತಿ ಕಾದಂಬರಿಗೂ ಒಂದೊಂದು ಪುಟ ಸಾಕು.

ಪುಸ್ತಕದ ಹಿಂಬದಿಯ ರಕ್ಷಾಪುಟವನ್ನು ಓದಬೇಡಿ. ಕಥೆಯ ಮಧ್ಯಭಾಗದವರೆಗಿನ ತಿರುವುಗಳನ್ನು ಅಲ್ಲೇ ಹೇಳಿಬಿಡುವುದುಂಟು. ಮುಂದಿನ ಪುಸ್ತಕದ ಪರಿಚಯ ಓದಿದರೆ ಹಿಂದಿನ ಪುಸ್ತಕದ ಗುಟ್ಟು ಬಯಲಾಗುವ ಅಪಾಯವೂ ಇದೆ. ಅಂತರ್ಜಾಲದಲ್ಲಿ ಪಾತ್ರಗಳ ಹೆಸರು ಹುಡುಕುವುದಂತೂ ಇನ್ನೂ ಅಪಾಯ. ಯಾರು ಯಾರ ಮಗ, ಯಾರು ಯಾರನ್ನು ಮದುವೆಯಾದರು ಎಂಬುದು ಹುಡುಕಾಟದ ಮೊದಲ ಸಾಲಿನಲ್ಲೇ ಕಾಣಿಸಿಕೊಳ್ಳುತ್ತದೆ.

ಹಂತ 2: ಓದುವ ಅನುಕ್ರಮವನ್ನು ನಿರ್ಧರಿಸುವುದು

ಪ್ರಕಟಣೆಯ ಅನುಕ್ರಮದಲ್ಲೇ ಓದಿ. ಕಾದಂಬರಿಗಳ ಮಟ್ಟಿಗೆ ಪ್ರಕಟಣೆಯ ಅನುಕ್ರಮವೂ ಕಥಾಕಾಲದ ಅನುಕ್ರಮವೂ ಒಂದೇ ಆಗಿವೆ. 1977ರಲ್ಲಿ ಬಂದ ಮೊದಲ ಕಾದಂಬರಿ 'ಎ ಮಾರ್ಬಿಡ್ ಟೇಸ್ಟ್ ಫಾರ್ ಬೋನ್ಸ್' ನಡೆಯುವುದು 1137ರಲ್ಲಿ, 1994ರಲ್ಲಿ ಬಂದ ಕೊನೆಯ ಕಾದಂಬರಿ 'ಬ್ರದರ್ ಕ್ಯಾಡ್‌ಫೈಲ್ಸ್ ಪೆನೆನ್ಸ್' ನಡೆಯುವುದು 1145ರಲ್ಲಿ.

ಪ್ರತಿಯೊಂದು ಕಥೆಯೂ ಸ್ವತಂತ್ರವಲ್ಲವೇ, ಸಿಕ್ಕಿದ ಪುಸ್ತಕದಿಂದ ಆರಂಭಿಸಿದರೇನು ಎಂದು ಕೇಳುವವರಿಗೆ ಮೂರು ಕಾರಣ ಕೊಡಬಹುದು. ಮೊದಲ ಕಾದಂಬರಿಯಲ್ಲಿ ಶ್ರೂಸ್‌ಬರಿಯ ಸನ್ಯಾಸಿಗಳು ಸಂತ ವಿನಿಫ್ರೆಡ್‌ಳ ಅಸ್ಥಿಗಳನ್ನು ತರಲು ವೇಲ್ಸ್‌ಗೆ ಹೋಗುತ್ತಾರೆ. ಅಲ್ಲಿ ನಡೆದದ್ದನ್ನು ತಿಳಿಯದೆ ಹತ್ತನೆಯ ಮತ್ತು ಹತ್ತೊಂಬತ್ತನೆಯ ಕಾದಂಬರಿಗಳಲ್ಲಿ ಕ್ಯಾಡ್‌ಫೈಲ್ ಏಕೆ ಅಷ್ಟು ತಳಮಳಗೊಳ್ಳುತ್ತಾನೆ ಎಂಬುದು ಅರ್ಥವಾಗುವುದೇ ಇಲ್ಲ. ಎರಡನೆಯದಾದ 'ಒನ್ ಕಾರ್ಪ್ಸ್ ಟೂ ಮೆನಿ'ಯಲ್ಲಿ ಹ್ಯೂ ಬೆರಿಂಗರ್ ಎಂಬ ತರುಣ ಬರುತ್ತಾನೆ. ಅವನನ್ನು ನಂಬಬಹುದೇ ಬಾರದೇ ಎಂಬುದೇ ಆ ಕಾದಂಬರಿಯ ಅರ್ಧ ಬಿಗಿ, ಮುಂದಿನ ಪುಸ್ತಕಗಳನ್ನು ಮೊದಲೇ ಓದಿದವರಿಗೆ ಆ ಬಿಗಿ ಸಿಗದು. ಆರನೆಯದಾದ 'ದಿ ವರ್ಜಿನ್ ಇನ್ ದಿ ಐಸ್'ನಲ್ಲಿ ಪರಿಚಯವಾಗುವ ಯುವಕನೊಬ್ಬ ಹತ್ತನೆಯದರಲ್ಲಿ ಮರಳಿ ಬರುತ್ತಾನೆ, ಇಪ್ಪತ್ತನೆಯ ಕಾದಂಬರಿ ಅವನ ಸುತ್ತಲೇ ಕಟ್ಟಿದ್ದು.

ಕಥಾಸಂಕಲನವಾದ 'ಎ ರೇರ್ ಬೆನಡಿಕ್ಟೈನ್' 1988ರಲ್ಲಿ ಬಂದಿತು. ಅದರ ಮೊದಲ ಕಥೆ 1120ರದ್ದು, ಕ್ಯಾಡ್‌ಫೈಲ್ ಸನ್ಯಾಸಿಯಾದ ಸಂದರ್ಭದ್ದು. ಇದರಿಂದಾಗಿ ಅದನ್ನೇ ಮೊದಲು ಓದಬೇಕೆಂದು ಹಲವರು ಭಾವಿಸುತ್ತಾರೆ. ಇದು ತಪ್ಪು ಆಯ್ಕೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆ ಮನುಷ್ಯನನ್ನು ನಾಲ್ಕೈದು ಕಾದಂಬರಿಗಳಲ್ಲಿ ಹತ್ತಿರದಿಂದ ಕಂಡ ಮೇಲೆಯೇ ಅವನ ನಿರ್ಧಾರಕ್ಕೆ ತೂಕ ಬರುತ್ತದೆ. ಆರನೆಯ ಕಾದಂಬರಿ ಮುಗಿದ ಮೇಲೆ ಅದನ್ನು ಓದಿ.

ಮೊದಲ ಮೂರು ಕಾದಂಬರಿಗಳು ಒಂದೇ ಸಂಪುಟವಾಗಿಯೂ ಬಂದಿವೆ, ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಮೂರನ್ನೂ ಓದುವ ಮೊದಲು ಮಾಲೆ ತಮಗೆ ಹಿಡಿಸಿತೋ ಇಲ್ಲವೋ ಎಂದು ತೀರ್ಮಾನಿಸಬೇಡಿ. ಮೊದಲನೆಯದರ ಬಹುಭಾಗ ವೇಲ್ಸ್‌ನ ಹಳ್ಳಿಯೊಂದರಲ್ಲಿ ನಡೆಯುವುದರಿಂದ ಶ್ರೂಸ್‌ಬರಿಯ ನಿಜವಾದ ಪರಿಚಯ ಆಗುವುದು ಎರಡನೆಯದರಲ್ಲಿ.

ಹಂತ 3: ಅಂತರ್ಯುದ್ಧದ ದಿನಾಂಕಗಳನ್ನು ಬರೆದಿಟ್ಟುಕೊಳ್ಳುವುದು

ಇಡೀ ಮಾಲೆಯ ಹಿನ್ನೆಲೆಯಲ್ಲಿ ಒಂದು ಸಿಂಹಾಸನದ ಜಗಳವಿದೆ. ಅದನ್ನು ಪುಸ್ತಕ ಓದುತ್ತಾ ತಿಳಿದುಕೊಳ್ಳುತ್ತೇನೆ ಎಂದು ಹೊರಟವರೇ ಹೆಚ್ಚಾಗಿ ಸೋಲುತ್ತಾರೆ, ಏಕೆಂದರೆ ಪಾತ್ರಗಳು ಅದನ್ನು ತಮಗೆಲ್ಲ ಗೊತ್ತಿರುವ ಸಂಗತಿಯಂತೆ ಮಾತನಾಡುತ್ತವೆ. ನೋಟ್‌ಬುಕ್‌ನ ಮೊದಲ ಪುಟದಲ್ಲಿ ಇಷ್ಟನ್ನು ಬರೆದುಕೊಳ್ಳಿ.

1120: ರಾಜ ಒಂದನೆಯ ಹೆನ್ರಿಯ ಮಗ ಹಡಗು ಮುಳುಗಿ ಸತ್ತ. ಉಳಿದ ನೇರ ವಾರಸುದಾರಳು ಮಗಳು ಮಾಡ್.
1135: ಹೆನ್ರಿ ತೀರಿಕೊಂಡ. ಅವನ ಸೋದರಳಿಯ ಸ್ಟೀಫನ್ ಅದೇ ಡಿಸೆಂಬರಿನಲ್ಲಿ ಪಟ್ಟವೇರಿದ.
1138, ಆಗಸ್ಟ್: ಸ್ಟೀಫನ್ ಶ್ರೂಸ್‌ಬರಿ ಕೋಟೆಯನ್ನು ಗೆದ್ದ.
1139, ಸೆಪ್ಟೆಂಬರ್: ಮಾಡ್ ಫ್ರಾನ್ಸ್ ಕಡೆಯಿಂದ ಇಂಗ್ಲೆಂಡಿಗೆ ಬಂದಿಳಿದಳು. ಅವಳ ಬಲಗೈ ಅವಳ ಮಲಸಹೋದರ, ಗ್ಲೌಸ್ಟರ್‌ನ ಅರ್ಲ್ ರಾಬರ್ಟ್.
1141, ಫೆಬ್ರುವರಿ 2: ಲಿಂಕನ್ ಕಾಳಗದಲ್ಲಿ ಸ್ಟೀಫನ್ ಸೆರೆಸಿಕ್ಕ.
1141, ಸೆಪ್ಟೆಂಬರ್: ವಿಂಚೆಸ್ಟರ್‌ನಲ್ಲಿ ರಾಬರ್ಟ್ ಸೆರೆಸಿಕ್ಕ. ಇಬ್ಬರು ಸೆರೆಯಾಳುಗಳ ವಿನಿಮಯವಾಯಿತು.
1142, ಡಿಸೆಂಬರ್: ಮುತ್ತಿಗೆಗೆ ಒಳಗಾಗಿದ್ದ ಆಕ್ಸ್‌ಫರ್ಡ್‌ನಿಂದ ಮಾಡ್ ಹಿಮದಲ್ಲಿ ತಪ್ಪಿಸಿಕೊಂಡಳು.

ಪ್ರತಿ ಕಾದಂಬರಿಯ ಮೊದಲ ಪುಟಗಳಲ್ಲೇ ವರ್ಷ, ತಿಂಗಳು ಎರಡೂ ಸಿಗುತ್ತವೆ. ಸಿಕ್ಕ ಕೂಡಲೇ ಈ ಪಟ್ಟಿಯ ಮೇಲೆ ಗುರುತು ಹಾಕಿ, ಆ ತಿಂಗಳು ಯಾರ ಕೈ ಮೇಲಾಗಿತ್ತು ಎಂದು ನೋಡಿಕೊಂಡು ಮುಂದುವರಿಯಿರಿ. ಒಂಬತ್ತನೆಯದಾದ 'ಡೆಡ್ ಮ್ಯಾನ್ಸ್ ರ‍್ಯಾನ್ಸಮ್' ಲಿಂಕನ್ ಕಾಳಗ ಮುಗಿದ ಬೆನ್ನಿಗೇ ಆರಂಭವಾಗುತ್ತದೆ. ರಾಜನೇ ಸೆರೆಯಲ್ಲಿರುವ ದೇಶದಲ್ಲಿ, ರಾಜನ ಅಧಿಕಾರಿಯಾದ ಶೆರಿಫ್‌ ಕೂಡ ಕಾಳಗದಲ್ಲಿ ಸೆರೆಸಿಕ್ಕಿರುವ ಪಟ್ಟಣದಲ್ಲಿ, ಜನ ಏಕೆ ಅಷ್ಟು ಎಚ್ಚರದಿಂದ ಮಾತನಾಡುತ್ತಾರೆ ಎಂಬುದು ಈ ಪಟ್ಟಿ ಇದ್ದವರಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ.

ಎರಡು ತಪ್ಪುಗಳ ಬಗ್ಗೆ ಎಚ್ಚರವಿರಲಿ. ಸ್ಟೀಫನ್‌ನ ರಾಣಿಯ ಹೆಸರೂ ಮಟಿಲ್ಡಾ, ಅವನ ಎದುರಾಳಿಯ ಹೆಸರೂ ಮಟಿಲ್ಡಾ. ಕಾದಂಬರಿಗಳು ಎದುರಾಳಿಯನ್ನು ಮಾಡ್ ಎಂದೂ ಸಾಮ್ರಾಜ್ಞಿ ಎಂದೂ ಕರೆಯುತ್ತವೆ. ಇನ್ನೊಂದು ತಪ್ಪು ಹೆಚ್ಚು ಆಳವಾದುದು. ಒಂದು ಪಕ್ಷ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ಗೆರೆ ಎಳೆದು, ಸಂಶಯಿತರನ್ನು ಆ ಗೆರೆಯ ಮೇಲೆ ವಿಂಗಡಿಸುವುದು. ಇಲ್ಲಿ ಎರಡೂ ಕಡೆ ಮಾತಿಗೆ ತಪ್ಪದ ಮನುಷ್ಯರಿದ್ದಾರೆ. ಯಾರ ಪಕ್ಷ ಎಂಬುದು ಅಪರಾಧದ ಸುಳಿವು ಎಂದು ತಿಳಿದರೆ ಪ್ರತಿ ಸಲವೂ ದಾರಿ ತಪ್ಪುತ್ತೀರಿ.

ಹಂತ 4: ಊರಿನ ನಕ್ಷೆಯನ್ನು ಕೈಯಾರೆ ಬರೆಯುವುದು

ಇದನ್ನು ಬಿಟ್ಟುಬಿಡುವವರು ಬಹಳ, ಬಿಡಬಾರದ ಹಂತವೂ ಇದೇ. ಸೆವರ್ನ್ ನದಿ ಶ್ರೂಸ್‌ಬರಿ ಪಟ್ಟಣವನ್ನು ಕುಣಿಕೆಯಂತೆ ಸುತ್ತಿಕೊಂಡಿದೆ. ನದಿ ಸುತ್ತದೆ ಬಿಟ್ಟ ಕಿರಿದಾದ ಭೂಭಾಗವನ್ನು ಕೋಟೆ ಕಾಯುತ್ತದೆ. ಪಶ್ಚಿಮದ ಸೇತುವೆ ವೇಲ್ಸ್ ಕಡೆಗೆ ಒಯ್ಯುತ್ತದೆ. ಪೂರ್ವದ ಸೇತುವೆ ದಾಟಿದರೆ ಮಠ. ಮಠದ ಮಹಾದ್ವಾರದ ಮುಂದೆ ಹಾದುಹೋಗುವ ಬೀದಿಗೆ ಫೋರ್‌ಗೇಟ್ ಎಂದು ಹೆಸರು, ಅದರ ಆಚೆ ತುದಿಯಲ್ಲಿ ಕುಷ್ಠರೋಗಿಗಳ ಆಶ್ರಯವಾದ ಸೇಂಟ್ ಗೈಲ್ಸ್. ನದಿದಂಡೆಯ ಉದ್ದಕ್ಕೂ ಮಠದ ದೊಡ್ಡ ತೋಟಗಳಿವೆ, ಅವುಗಳಿಗೆ ಗೇ ಎಂದು ಹೆಸರು. ಕ್ಯಾಡ್‌ಫೈಲ್‌ನ ಮೂಲಿಕೆ ತೋಟ ಮತ್ತು ಔಷಧ ಕಾಯಿಸುವ ಗುಡಿಸಲು ಮಠದ ಆವರಣದ ಒಳಗೇ ಇವೆ.

ಈ ಇಷ್ಟನ್ನು ಒಂದು ಪುಟದಲ್ಲಿ ಗೀಚಿಕೊಂಡರೆ ಅತ್ಯಂತ ಮುಖ್ಯವಾದ ಸಂಗತಿ ಕಣ್ಣಿಗೆ ಬೀಳುತ್ತದೆ: ಮಠ ಪಟ್ಟಣದ ಹೊರಗಿದೆ. ರಾತ್ರಿ ಪಟ್ಟಣದ ಬಾಗಿಲು ಮುಚ್ಚಿದ ಮೇಲೆ ಸೇತುವೆ ದಾಟಿ ಮಠದ ಕಡೆ ಬಂದವನು ಯಾರ ಕಣ್ಣಿಗೂ ಬೀಳದೆ ಬರಲಾರ. ಬಂದಿದ್ದರೆ ಹೇಗೆ ಬಂದ ಎಂಬ ಪ್ರಶ್ನೆ ತಾನೇ ಏಳುತ್ತದೆ. ಪಾತ್ರವೊಂದು "ಊರಿಗೆ ಹೋಗಿದ್ದೆ" ಎಂದಾಗಲೆಲ್ಲ ನಕ್ಷೆಯ ಮೇಲೆ ಬೆರಳಿಟ್ಟು ದಾರಿ ನೋಡಿ.

ಕೆಲವು ಆವೃತ್ತಿಗಳಲ್ಲಿ ನಕ್ಷೆ ಅಚ್ಚಾಗಿರುತ್ತದೆ, ಆದರೂ ಕೈಯಾರೆ ಬರೆದದ್ದೇ ನೆನಪಿನಲ್ಲಿ ನಿಲ್ಲುತ್ತದೆ. ಗೂಗಲ್ ಮ್ಯಾಪ್ಸ್ ಮೇಲೆ ಪೂರ್ತಿ ಭರವಸೆ ಇಡಬೇಡಿ. ಮಠದ ಚರ್ಚು ಇಂದಿಗೂ ನಿಂತಿದೆ ನಿಜ, ಆದರೆ 19ನೆಯ ಶತಮಾನದಲ್ಲಿ ಹಾಕಿದ ಹೆದ್ದಾರಿ ಹಳೆಯ ಆವರಣವನ್ನು ಸೀಳಿಕೊಂಡು ಹೋಗಿದೆ. ಸನ್ಯಾಸಿಗಳ ಊಟದ ಮನೆಯ ಉಳಿಕೆಯೊಂದು ಈಗ ರಸ್ತೆಯ ಆಚೆ ಒಂಟಿಯಾಗಿ ನಿಂತಿದೆ.

ಹಂತ 5: ಮಠದ ವೇಳಾಪಟ್ಟಿಯನ್ನು ಅರಿಯುವುದು

ಕಾದಂಬರಿಗಳಲ್ಲಿ ಹೊತ್ತನ್ನು ಗಂಟೆಯ ಲೆಕ್ಕಕ್ಕಿಂತ ಹೆಚ್ಚಾಗಿ ಪ್ರಾರ್ಥನೆಗಳ ಹೆಸರಿನಿಂದ ಹೇಳುತ್ತಾರೆ. ಮ್ಯಾಟಿನ್ಸ್ ಮತ್ತು ಅದರ ಬೆನ್ನಿಗೆ ಬರುವ ಲಾಡ್ಸ್ ನಡುರಾತ್ರಿಯವು, ಪ್ರೈಮ್ ಬೆಳಗಿನದು, ಟರ್ಸ್ ಮುಂಜಾನೆ ಕಳೆದ ಮೇಲಿನದು, ಸೆಕ್ಸ್ಟ್ ನಡುಹಗಲಿನದು, ನೋನ್ ಇಳಿಹೊತ್ತಿಗೆ ಮೊದಲಿನದು, ವೆಸ್ಪರ್ಸ್ ಸಂಜೆಯದು, ಕಾಂಪ್ಲಿನ್ ಮಲಗುವ ಮುನ್ನಿನದು. ಇವಲ್ಲದೆ ದಿನಕ್ಕೊಮ್ಮೆ ಎಲ್ಲ ಸನ್ಯಾಸಿಗಳೂ ಸೇರುವ ಸಭೆಯುಂಟು, ಅದನ್ನು ಚಾಪ್ಟರ್ ಎನ್ನುತ್ತಾರೆ. ಆ ಸಭೆಯ ದೃಶ್ಯಗಳನ್ನು ಹಾರಿಸಬೇಡಿ. ಯಾರಿಗೆ ಯಾವ ಜಮೀನು, ಯಾರಿಗೆ ಯಾವ ಕೆಲಸ, ಯಾರನ್ನು ಎಲ್ಲಿಗೆ ಕಳುಹಿಸಬೇಕು ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ, ಕೊಲೆಯ ಕಾರಣ ಹಲವು ಸಲ ಅಲ್ಲಿಂದಲೇ ಹೊರಡುತ್ತದೆ.

ಈ ವೇಳೆಗಳು ಗಡಿಯಾರದಂತೆ ಸ್ಥಿರವಲ್ಲ. ಹಗಲನ್ನು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಹನ್ನೆರಡು ಪಾಲು ಮಾಡಿ ಲೆಕ್ಕ ಹಾಕುತ್ತಿದ್ದುದರಿಂದ ಋತು ಬದಲಾದಂತೆ ಪಾಲಿನ ಉದ್ದವೂ ಬದಲಾಗುತ್ತದೆ. ಪಂಚಾಂಗ ನೋಡಿ ರಾಹುಕಾಲ ಲೆಕ್ಕ ಹಾಕುವವರಿಗೆ ಈ ಕ್ರಮ ಹೊಸದೇನಲ್ಲ. ವ್ಯತ್ಯಾಸವೆಂದರೆ ನಮ್ಮಲ್ಲಿ ಹಗಲಿನ ಉದ್ದ ವರ್ಷವಿಡೀ ಹೆಚ್ಚು ಕಡಿಮೆ ಒಂದೇ. ಶ್ರೂಸ್‌ಬರಿಯಲ್ಲಿ ಜೂನ್ ತಿಂಗಳ ಹಗಲು ಹದಿನಾರು ಗಂಟೆಗೂ ಮೀರಿದರೆ ಡಿಸೆಂಬರಿನದು ಎಂಟು ಗಂಟೆಯನ್ನೂ ಮುಟ್ಟುವುದಿಲ್ಲ. ಡಿಸೆಂಬರಿನ ಕಥೆಯಲ್ಲಿ ವೆಸ್ಪರ್ಸ್ ಹೊತ್ತಿಗೆ ಕತ್ತಲು, ಜೂನ್ ಕಥೆಯಲ್ಲಿ ಕಾಂಪ್ಲಿನ್ ಮುಗಿದ ಮೇಲೂ ಬೆಳಕು. ಸಾಕ್ಷಿಯೊಬ್ಬ ದೂರದಿಂದ ಮುಖ ಕಂಡೆ ಎಂದಾಗ ಅದು ಸಾಧ್ಯವೇ ಎಂದು ತೂಗಲು ತಿಂಗಳು ಗೊತ್ತಿರಲೇಬೇಕು.

ಹಂತ 6: ಅಂದಿನ ಕಾನೂನನ್ನು ತಿಳಿಯುವುದು

ಇಲ್ಲಿ ಪೊಲೀಸರಿಲ್ಲ. ರಾಜನ ಪರವಾಗಿ ಶೆರಿಫ್ ಇದ್ದಾನೆ, ಮಠದ ಆವರಣದಲ್ಲಿ ಮಠಾಧಿಪತಿಯ ಮಾತು ನಡೆಯುತ್ತದೆ, ಗಡಿಯಾಚೆ ವೇಲ್ಸ್‌ನ ಕಾನೂನೇ ಬೇರೆ. ಈ ಮೂರು ಅಧಿಕಾರಗಳ ನಡುವಿನ ಸಂದುಗಳಲ್ಲಿ ಕಥೆ ಬೆಳೆಯುತ್ತದೆ.

ಮೂರನೆಯದಾದ 'ಮಂಕ್ಸ್ ಹುಡ್'ನ ಆರಂಭವನ್ನೇ ನೋಡಿ. ಗರ್ವಸ್ ಬೋನೆಲ್ ಎಂಬ ಜಮೀನುದಾರ ತನ್ನ ಆಸ್ತಿಯನ್ನು ಮಠಕ್ಕೆ ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಜೀವನಪೂರ್ತಿ ಮನೆ, ಊಟ, ಬಟ್ಟೆ ಪಡೆಯುವ ಒಪ್ಪಂದ ಮಾಡಿಕೊಂಡು ಬಂದು ನೆಲೆಸಿದ್ದಾನೆ. ಆದರೆ ಮಠಾಧಿಪತಿಗೆ ಲಂಡನ್ನಿನ ಧರ್ಮಸಭೆಯಿಂದ ಕರೆ ಬಂದು, ಅವರ ಸ್ಥಾನವೇ ಅನಿಶ್ಚಿತವಾಗಿರುವುದರಿಂದ ಪತ್ರಕ್ಕೆ ಮುದ್ರೆ ಬಿದ್ದಿಲ್ಲ. ಅಷ್ಟರಲ್ಲಿ ಬೋನೆಲ್‌ನ ಊಟದಲ್ಲಿ ವಿಷ ಬೆರೆಯುತ್ತದೆ. ಆ ವಿಷ ಕೀಲುನೋವಿಗೆ ಹಚ್ಚಿ ತಿಕ್ಕಲೆಂದು ಕ್ಯಾಡ್‌ಫೈಲ್ ತಾನೇ ಕಾಯಿಸಿದ ಎಣ್ಣೆ, ಆಯುರ್ವೇದದ ವತ್ಸನಾಭಿಯ ಕುಲಕ್ಕೇ ಸೇರಿದ ಗಿಡದ ಬೇರಿನಿಂದ ತೆಗೆದದ್ದು. ಅವಸರದ ಓದುಗರು ವಿಷದ ಸೀಸೆಯನ್ನು ಯಾರು ಕದ್ದರು ಎಂದು ಹುಡುಕುತ್ತಾ ಹೋಗುತ್ತಾರೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ಮುದ್ರೆ ಬೀಳುವ ಮೊದಲು ಅವನು ಸತ್ತರೆ ಆಸ್ತಿ ಯಾರದು? ಮುದ್ರೆ ಬಿದ್ದ ಮೇಲೆ ಸತ್ತಿದ್ದರೆ ಯಾರದಾಗುತ್ತಿತ್ತು? ಆ ಜಮೀನು ನಕ್ಷೆಯ ಮೇಲೆ ಎಲ್ಲಿದೆ? ಈ ಮೂರನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟು ಓದಿದವರಿಗೆ ಕೊನೆಯ ಅಧ್ಯಾಯಗಳು ಪೂರ್ತಿ ಬೇರೆಯೇ ಅನುಭವ ಕೊಡುತ್ತವೆ.

ಇನ್ನುಳಿದ ನಿಯಮಗಳಲ್ಲಿ ಆಗಾಗ ಬೇಕಾಗುವವು ಇವು. ಚರ್ಚಿನೊಳಗೆ ಆಶ್ರಯ ಬೇಡಿದವನನ್ನು ನಲವತ್ತು ದಿನ ಮುಟ್ಟುವಂತಿಲ್ಲ. ಏಳನೆಯದಾದ 'ದಿ ಸ್ಯಾಂಕ್ಚುಯರಿ ಸ್ಪ್ಯಾರೊ' ಇದರ ಮೇಲೆಯೇ ನಿಂತಿದೆ, ಮದುವೆಮನೆಯಿಂದ ಅಟ್ಟಿಸಿಕೊಂಡು ಬಂದ ಗುಂಪು ನಡುರಾತ್ರಿಯ ಪ್ರಾರ್ಥನೆಯ ಮಧ್ಯೆ ಒಬ್ಬ ಬಡ ದೊಂಬರ ಹುಡುಗನ ಮೇಲೆ ಬೀಳುವ ದೃಶ್ಯದಿಂದ ಅದು ಆರಂಭವಾಗುತ್ತದೆ. ಒಡೆಯನಿಂದ ಓಡಿಬಂದ ಜೀತದಾಳು ಸನ್ನದು ಪಡೆದ ಪಟ್ಟಣದಲ್ಲಿ ಒಂದು ವರ್ಷ ಮತ್ತು ಒಂದು ದಿನ ದುಡಿದು ಬದುಕಿದರೆ ಸ್ವತಂತ್ರ. ಹಾಗಾಗಿ ಹೆಸರು ಮುಚ್ಚಿಡುವವನು ಅಪರಾಧಿಯೇ ಆಗಿರಬೇಕಿಲ್ಲ. ತಂದೆಯಿಲ್ಲದ ವಾರಸುದಾರ ಮಗುವಿನ ಮದುವೆ ಪಾಲಕರ ಕೈಯಲ್ಲಿ, ಅದರೊಂದಿಗೆ ಆಸ್ತಿಯೂ. ಐದನೆಯ ಮತ್ತು ಹದಿನಾಲ್ಕನೆಯ ಕಾದಂಬರಿಗಳನ್ನು ಓದುವಾಗ ಇದನ್ನು ಮನಸ್ಸಿನಲ್ಲಿಡಿ. ಆರೋಪಕ್ಕೆ ದ್ವಂದ್ವಯುದ್ಧದ ಮೂಲಕ ಉತ್ತರ ಕೊಡುವುದೂ ಅಂದಿಗೆ ನ್ಯಾಯಸಮ್ಮತವೇ.

ಹಂತ 7: ಮೊದಲ ಐವತ್ತು ಪುಟಗಳನ್ನು ನಿಧಾನವಾಗಿ ಓದುವುದು

ಕೊಲೆ ತಡವಾಗಿ ಬರುವುದಕ್ಕೆ ಕಾರಣವಿದೆ. ಅದಕ್ಕೂ ಮೊದಲಿನ ಪುಟಗಳಲ್ಲಿ ಬರುವ ತೋಟದ ಕೆಲಸ, ಬೆಳೆ ಕುಯ್ಲು, ಅತಿಥಿಗಳ ಆಗಮನ, ರೋಗಿಗಳ ಆರೈಕೆ ಇವೆಲ್ಲ ಅಲಂಕಾರಕ್ಕಾಗಿ ಬಂದವಲ್ಲ. ಯಾರ ಬಟ್ಟೆಗೆ ಯಾವ ಗಿಡದ ಬೀಜ ಅಂಟುತ್ತದೆ, ಯಾವ ಹೂವು ಎಲ್ಲಿ ಮಾತ್ರ ಬೆಳೆಯುತ್ತದೆ ಎಂಬುದು ಕ್ಯಾಡ್‌ಫೈಲ್‌ಗೆ ಗೊತ್ತು. ಗಿಡದ ಹೆಸರು ಬಂದ ಕಡೆಯಲ್ಲೆಲ್ಲ ಪೆನ್ಸಿಲ್‌ನಿಂದ ಸಣ್ಣ ಗೆರೆ ಎಳೆಯಿರಿ.

ಹೆಸರುಗಳ ವಿಷಯದಲ್ಲಿ ಒಂದು ಸರಳ ಉಪಾಯ. ವೇಲ್ಸ್‌ನವರ ಹೆಸರಿನ ನಡುವೆ 'ಆಪ್' ಬಂದರೆ ಅದರ ಮುಂದಿನದು ತಂದೆಯ ಹೆಸರು. ಹೆಸರಿನಲ್ಲಿ 'ಡಿ' ಇದ್ದರೆ ಸಾಮಾನ್ಯವಾಗಿ ನಾರ್ಮನ್ ಕುಲೀನ. ಬರಿಯ ಒಂದೇ ಹೆಸರೋ ಕಸುಬಿನ ಹೆಸರೋ ಇದ್ದರೆ ಸಾಮಾನ್ಯ ಜನ. ಈ ಮೂರು ಗುಂಪುಗಳಾಗಿ ಬರೆದುಕೊಂಡರೆ ಗೊಂದಲದ ಬಹುಪಾಲು ಕಳೆಯುತ್ತದೆ. ಪುಸ್ತಕದಿಂದ ಪುಸ್ತಕಕ್ಕೆ ಮರಳಿ ಬರುವ ಪ್ರಯರ್ (ಮಠಾಧಿಪತಿಯ ನಂತರದ ಸ್ಥಾನದವನು) ರಾಬರ್ಟ್, ಅವನ ನೆರಳಿನಂತಿರುವ ಜೆರೋಮ್, ರೋಗಿಗಳನ್ನು ನೋಡಿಕೊಳ್ಳುವ ಎಡ್ಮಂಡ್ ಇವರನ್ನು ಒಮ್ಮೆ ಗುರುತಿಸಿಕೊಂಡರೆ ಸಾಕು.

ಇಂಗ್ಲಿಷ್ ಸ್ವಲ್ಪ ಹಳೆಯ ಧಾಟಿಯದು, ವಾಕ್ಯಗಳು ಉದ್ದ. ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ. ಮಠದ ಹುದ್ದೆಗಳು, ಉಡುಪು, ಭೂಮಿಯ ಹಕ್ಕುಗಳು ಈ ಮೂರಕ್ಕೆ ಸಂಬಂಧಿಸಿದ ಪದಗಳನ್ನು ಮಾತ್ರ ತಪ್ಪದೆ ನೋಡಿ, ಉಳಿದವು ಸಂದರ್ಭದಿಂದಲೇ ತಿಳಿಯುತ್ತವೆ.

ಎಣಿಕೆ ಬಂದ ಕಡೆ ನಿಲ್ಲಿ. ಎರಡನೆಯ ಕಾದಂಬರಿಯಲ್ಲಿ ಸೋತ ಕೋಟೆಯ 94 ಮಂದಿಯನ್ನು ರಾಜ ಗಲ್ಲಿಗೇರಿಸುತ್ತಾನೆ. ಹೆಣಗಳಿಗೆ ಸಂಸ್ಕಾರ ಮಾಡಲು ಹೋದ ಕ್ಯಾಡ್‌ಫೈಲ್ ಎಣಿಸಿದಾಗ ಸಿಗುವುದು 95. ಇಷ್ಟೊಂದು ಸಾವುಗಳ ನಡುವೆ ಇನ್ನೊಂದು ಸಾವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬ ಕೊಲೆಗಾರನ ಎಣಿಕೆಯನ್ನು, ಪ್ರತಿಯೊಬ್ಬನನ್ನೂ ತೊಳೆದು ಮುಖ ಕಾಣುವಂತೆ ಮಲಗಿಸುವ ಒಬ್ಬ ಸನ್ಯಾಸಿಯ ಶ್ರದ್ಧೆ ಸೋಲಿಸುತ್ತದೆ. ಅಲ್ಲಿನ ಪುಟಗಳನ್ನು ಅವಸರದಲ್ಲಿ ದಾಟಿದರೆ ಕಾದಂಬರಿಯ ಜೀವವೇ ತಪ್ಪಿಹೋಗುತ್ತದೆ.

ಹಂತ 8: ದಾರಿ ತಪ್ಪಿದ ಲಕ್ಷಣಗಳನ್ನು ಗುರುತಿಸುವುದು

ಐವತ್ತು ಪುಟ ದಾಟಿದರೂ ಯಾವ ಪಾತ್ರ ಮಠದ ಒಳಗಿನದು, ಯಾವುದು ಪಟ್ಟಣದ್ದು, ಯಾವುದು ದೂರದಿಂದ ಬಂದದ್ದು ಎಂದು ಹೇಳಲಾಗದಿದ್ದರೆ ನಿಲ್ಲಿಸಿ, ಹಿಂದಿರುಗಿ ಹೆಸರುಗಳ ಪಟ್ಟಿ ಮಾಡಿಕೊಳ್ಳಿ. ಪ್ರಾರ್ಥನೆಯ ಭಾಗಗಳನ್ನು ಹಾರಿಸುವ ಅಭ್ಯಾಸ ಕಂಡರೆ ವೇಳಾಪಟ್ಟಿಯ ಪುಟವನ್ನು ಮತ್ತೊಮ್ಮೆ ನೋಡಿ. ಕಥೆಯಲ್ಲಿ ಬರುವ ಯುವಪ್ರೇಮಿಗಳ ಮೇಲೆ ಬೇಸರ ಮೂಡತೊಡಗಿದರೆ ಅದು ಪುಸ್ತಕದ ದೋಷಕ್ಕಿಂತ ಓದಿನ ವೇಗದ ದೋಷ. ಹೆಚ್ಚಿನ ಕಾದಂಬರಿಗಳಲ್ಲಿ ಅಂಥ ಜೋಡಿಯೊಂದು ಇದ್ದೇ ಇರುತ್ತದೆ, ಸಾಲಾಗಿ ಐದಾರು ಓದಿದವರಿಗೆ ಆ ಮಾದರಿಯೇ ಎದ್ದು ಕಾಣುತ್ತದೆ. ಎರಡು ಮೂರು ಓದಿ, ನಡುವೆ ಬೇರೆ ಏನನ್ನಾದರೂ ಓದಿ ಬನ್ನಿ. ಸಾಧ್ಯವಾದರೆ ಚಳಿಗಾಲದ ಕಥೆಯೊಂದರ ನಂತರ ಸ್ವಲ್ಪ ಬಿಡುವು ಕೊಟ್ಟು ಬೇಸಗೆಯದನ್ನು ತೆಗೆದುಕೊಳ್ಳಿ.

ಹಂತ 9: ಅಂತ್ಯವನ್ನು ಓದುವ ಬಗೆ

ಕೈಕೋಳ ಹಾಕಿ ಕರೆದೊಯ್ಯುವ ಕೊನೆಯನ್ನು ಪ್ರತಿ ಸಲವೂ ನಿರೀಕ್ಷಿಸಬೇಡಿ. ಸತ್ಯ ತಿಳಿದ ಮೇಲೆ ಅದನ್ನು ಶೆರಿಫ್‌ಗೆ ಹೇಳಬೇಕೇ, ಹೇಳಿದರೆ ಆಗುವ ಶಿಕ್ಷೆ ತಪ್ಪಿಗೆ ತಕ್ಕದ್ದೇ ಎಂದು ಕ್ಯಾಡ್‌ಫೈಲ್ ಬೇರೆಯಾಗಿ ತೂಗುತ್ತಾನೆ. ಕೆಲವೊಮ್ಮೆ ತಪ್ಪಿತಸ್ಥರಿಗೆ ಪ್ರಾಯಶ್ಚಿತ್ತದ ದಾರಿ ಬಿಡುತ್ತಾನೆ. ಇದನ್ನು ಸಡಿಲ ಮುಕ್ತಾಯ ಎಂದು ದೂರುವವರಿದ್ದಾರೆ, ನನಗೆ ಹಾಗೆನಿಸುವುದಿಲ್ಲ. ಕೊಲೆಗಾರ ಯಾರೆಂದು ತಿಳಿದ ಪುಟದಲ್ಲಿ ಒಮ್ಮೆ ಪುಸ್ತಕ ಮುಚ್ಚಿ, ಇವನಿಗೆ ಏನಾಗಬೇಕು ಎಂದು ನಿಮ್ಮ ತೀರ್ಪನ್ನು ಬರೆದಿಟ್ಟು ಆಮೇಲೆ ಮುಂದುವರಿಯಿರಿ.

ಹದಿನೈದನೆಯ ಮತ್ತು ಹದಿನೆಂಟನೆಯ ಕಾದಂಬರಿಗಳು ಪ್ರವಾಸದ ಕಥೆಗಳು, ಅವುಗಳಲ್ಲಿ ಪತ್ತೇದಾರಿಕೆ ತೆಳು. ಇಪ್ಪತ್ತನೆಯದರಲ್ಲೂ ಕೊಲೆ ಹಿಂದೆ ಸರಿದು, ಕ್ಯಾಡ್‌ಫೈಲ್ ತಾನು ತೊಟ್ಟ ವ್ರತಕ್ಕೂ ರಕ್ತಸಂಬಂಧದ ಕರೆಗೂ ನಡುವೆ ನಿಲ್ಲುವುದೇ ಮುಖ್ಯವಾಗುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ ನಿರಾಶೆಯಾಗದು.

ಹಂತ 10: ದೂರದರ್ಶನದ ರೂಪಾಂತರಕ್ಕೆ ಹೋಗುವುದು

1994ರಿಂದ 1998ರವರೆಗೆ ಬ್ರಿಟನ್ನಿನ ಐಟಿವಿಯಲ್ಲಿ 13 ಕಂತುಗಳು ಬಂದವು, ಕ್ಯಾಡ್‌ಫೈಲ್ ಪಾತ್ರದಲ್ಲಿ ಡೆರೆಕ್ ಜಾಕೋಬಿ. ಕಂತುಗಳ ಅನುಕ್ರಮ ಪುಸ್ತಕಗಳದ್ದಲ್ಲ. ಆರಂಭವಾಗುವುದೇ ಎರಡನೆಯ ಕಾದಂಬರಿಯಿಂದ. ಕೆಲವು ಕಥೆಗಳ ಕಾರಣ, ಮುಕ್ತಾಯಗಳನ್ನು ಬದಲಿಸಿದ್ದಾರೆ, ಹ್ಯೂ ಬೆರಿಂಗರ್ ಪಾತ್ರದಲ್ಲಿ ಒಟ್ಟು ಮೂವರು ನಟರು ಬಂದುಹೋಗುತ್ತಾರೆ. ಆದ್ದರಿಂದ ಒಂದು ಕಾದಂಬರಿಯನ್ನು ಮುಗಿಸಿದ ಮೇಲೆ ಅದರ ಕಂತನ್ನು ಮಾತ್ರ ನೋಡಿ. ಮುಂದಿನ ಕಂತು ತಾನಾಗಿ ಆರಂಭವಾಗುವ ಸೌಲಭ್ಯವಿದ್ದರೆ ಅದನ್ನು ಮೊದಲೇ ನಿಲ್ಲಿಸಿಡಿ.